ನೀವು ಹೇಳಿದ ಅಂಕಿ ಯಾರ ಮೇಜಿಗೆ ಹೋಗುತ್ತದೆ?

(ವಿದ್ಯುತ್ ವ್ಯವಸ್ಥೆಗಳಲ್ಲಿ ಎಐ ಬಳಕೆ ಕುರಿತ ಸಮ್ಮೇಳನದಲ್ಲಿ, ವಿದ್ಯಾರ್ಥಿ ಸ್ಪರ್ಧೆ ಶುರುವಾಗುವ ಮೊದಲು ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ವಿದ್ಯುತ್ ಬೇಡಿಕೆಯನ್ನು ಮುಂಚೆಯೇ ಅಂದಾಜು ಮಾಡುವ ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರರ ಜೊತೆ ಕೂತಾಗಲೆಲ್ಲ ನಾನು ಪ್ರತಿ ತಂಡಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಾಡೆಲ್, ಅಂದರೆ ಹಳೆಯ ಡೇಟಾದಿಂದ ಕಲಿತು ಅಂದಾಜು ಹೇಳುವ ಪ್ರೋಗ್ರಾಂ, ಹೇಳಿದ ಈ ಅಂಕಿ ಯಾರ ಮೇಜಿಗೆ ಹೋಗುತ್ತದೆ? ಅದನ್ನು ನೋಡಿ ಅವರು ಏನು ಮಾಡುತ್ತಾರೆ? ಮಾಡೆಲ್‌ನಲ್ಲಿ ಎಷ್ಟು ಪದರಗಳಿವೆ, ಎಷ್ಟು ಹೊತ್ತು ಟ್ರೈನಿಂಗ್ ಮಾಡಿದಿರಿ ಅಂದರೆ ಥಟ್ಟನೆ ಉತ್ತರ ಬರುತ್ತದೆ. ಈ ಪ್ರಶ್ನೆಗೆ ಮಾತ್ರ ಬಹಳ ತಂಡಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತವೆ. ಇವತ್ತು ನಾನು ಮಾತಾಡುವುದು ಇದೊಂದರ ಬಗ್ಗೆಯೇ. ಇನ್ನು ಸ್ವಲ್ಪ ಹೊತ್ತಿನಲ್ಲಿ ಡೇಟಾ ನಿಮ್ಮ ಕೈಗೆ ಬರುತ್ತದೆ. ಫೈಲ್ ತೆರೆಯುವ ಮೊದಲೇ ಈ ಪ್ರಶ್ನೆ ತಲೆಯಲ್ಲಿ ಇರಲಿ ಅನ್ನುವುದು ನನ್ನ ಆಸೆ.

ವಿದ್ಯುತ್ ಜಾಲದ ಮೂಲ ಕಷ್ಟ ನಿಮಗೆ ಗೊತ್ತಿರುವುದೇ. ತಯಾರಾಗುವ ಕರೆಂಟು, ಬಳಕೆಯಾಗುವ ಕರೆಂಟು ಎರಡೂ ಪ್ರತಿ ಕ್ಷಣ ಸಮ ಇರಬೇಕು. ಬಳಕೆ ಜಾಸ್ತಿಯಾದರೆ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವ ಲೆಕ್ಕ, ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಹೆಚ್ಚಿನ ದೇಶಗಳಲ್ಲಿ ಅದು 50 ಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲಬೇಕು, ಕೆಲವು ಕಡೆ 60. ತುಂಬಾ ಇಳಿದರೆ ಕರೆಂಟು ತಯಾರಿಸುವ ಯಂತ್ರಗಳು ತಮ್ಮನ್ನು ಉಳಿಸಿಕೊಳ್ಳಲು ತಾವಾಗಿಯೇ ಜಾಲದಿಂದ ಕಳಚಿಕೊಳ್ಳುತ್ತವೆ. ಆಗ ಕೊರತೆ ಇನ್ನೂ ಹೆಚ್ಚುತ್ತದೆ. ಇನ್ನೊಂದು ಕಡೆ, ತಣ್ಣಗಾದ ಕಲ್ಲಿದ್ದಲ ಘಟಕವನ್ನು ಮತ್ತೆ ಚಾಲೂ ಮಾಡಲು ಗಂಟೆಗಟ್ಟಲೆ ಬೇಕು. ಹಾಗಾಗಿ ನಾಳೆ ಸಂಜೆ ಏಳು ಗಂಟೆಗೆ ಎಷ್ಟು ಬೇಕು ಅನ್ನುವುದನ್ನು ಕಂಟ್ರೋಲ್ ರೂಮಿನಲ್ಲಿ ಕೂತವರು ಇವತ್ತೇ ಅಂದಾಜು ಮಾಡಬೇಕು. ನೀವು ಹೇಳುವ ಅಂಕಿ ಹೋಗುವುದು ಅವರ ಮೇಜಿಗೆ.

ಮೊದಲೆಲ್ಲ ಬೇಡಿಕೆ ಒಂದನ್ನು ಅಂದಾಜು ಮಾಡಿದರೆ ಸಾಕಿತ್ತು. ಈಗ ಗಾಳಿ ಎಷ್ಟು ಬೀಸುತ್ತದೆ, ಮೋಡ ಎಲ್ಲಿ ಕವಿಯುತ್ತದೆ ಅಂತಲೂ ಹೇಳಬೇಕು. ಕ್ಯಾಲಿಫೋರ್ನಿಯಾದ ಗ್ರಿಡ್ ನಡೆಸುವವರು 2013ರಲ್ಲಿ ಒಂದು ಗ್ರಾಫ್ ಪ್ರಕಟಿಸಿದರು. ಒಟ್ಟು ಬೇಡಿಕೆಯಿಂದ ಸೋಲಾರ್ ಮತ್ತು ಗಾಳಿಯ ಪಾಲನ್ನು ಕಳೆದು ಉಳಿದದ್ದನ್ನು ಅದರಲ್ಲಿ ಬರೆದಿದ್ದರು. ಮಧ್ಯಾಹ್ನ ಗೆರೆ ಕೆಳಗೆ ಜೋತು ಬೀಳುತ್ತದೆ, ಸೂರ್ಯ ಮುಳುಗುವ ಹೊತ್ತಿಗೆ ಕಡಿದಾಗಿ ಮೇಲೇಳುತ್ತದೆ. ಬಾತುಕೋಳಿಯ ಹಾಗೆ ಕಾಣುತ್ತದೆ ಅಂತ ಅದಕ್ಕೆ ಡಕ್ ಕರ್ವ್ ಅನ್ನುವ ಹೆಸರೇ ಬಿತ್ತು. ಆ ಕಡಿದಾದ ಏರಿನ ಎರಡು ಮೂರು ಗಂಟೆ ಇದೆಯಲ್ಲ, ಮಾಡೆಲ್‌ಗಳ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ದಿನದ 24 ಗಂಟೆಯ ಸರಾಸರಿ ತಪ್ಪು ಕಡಿಮೆ ಇದ್ದು, ಈ ಎರಡು ಮೂರು ಗಂಟೆಯಲ್ಲಿ ಎಡವಿದರೆ ಕಂಟ್ರೋಲ್ ರೂಮಿನವರಿಗೆ ಅದರಿಂದ ಹೆಚ್ಚಿನ ಉಪಯೋಗ ಇಲ್ಲ.

ಸ್ಪರ್ಧೆಗಳು ಈ ಕ್ಷೇತ್ರಕ್ಕೆ ಹೊಸದಲ್ಲ. 1993ರಲ್ಲೇ ಅಮೆರಿಕದ ಆಶ್ರೇ ಸಂಸ್ಥೆ, ಅಂದರೆ ಕಟ್ಟಡಗಳನ್ನು ಬೆಚ್ಚಗೆ, ತಂಪಾಗಿ ಇಡುವ ಎಂಜಿನಿಯರುಗಳ ಸಂಘ, ಕಟ್ಟಡವೊಂದರ ಗಂಟೆಗಂಟೆಯ ವಿದ್ಯುತ್ ಬಳಕೆಯನ್ನು ಹವಾಮಾನದಿಂದ ಅಂದಾಜು ಮಾಡುವ ಸ್ಪರ್ಧೆ ನಡೆಸಿತು. ಗೆದ್ದವರು ಕೇಂಬ್ರಿಡ್ಜ್‌ನ ಡೇವಿಡ್ ಮೆಕೇ. ಅವರು ಬಳಸಿದ್ದು ನ್ಯೂರಲ್ ನೆಟ್‌ವರ್ಕ್, ಅಂದರೆ ಮಿದುಳಿನ ನರಜಾಲದ ಮಾದರಿಯಲ್ಲಿ ಕಲಿಯುವ ಪ್ರೋಗ್ರಾಂ. ಯಾವ ಇನ್‌ಪುಟ್ ಮುಖ್ಯ, ಯಾವುದು ಬೇಡ ಅನ್ನುವುದನ್ನು ಡೇಟಾ ನೋಡಿ ತಾನೇ ತೂಗುವ ವ್ಯವಸ್ಥೆ ಅದರಲ್ಲಿತ್ತು. ಮುಂದೆ ಅವರು ಬ್ರಿಟನ್ನಿನ ಶಕ್ತಿ ಮತ್ತು ಹವಾಮಾನ ಇಲಾಖೆಗೆ ಮುಖ್ಯ ವೈಜ್ಞಾನಿಕ ಸಲಹೆಗಾರರಾದರು. ವಿದ್ಯಾರ್ಥಿಗಳಿಗೆ ನಾನು ಈ ಮಾತನ್ನು ಬೇಕಂತಲೇ ಹೇಳುತ್ತೇನೆ. ಡೇಟಾದಲ್ಲಿ ಮುಳುಗಿದವರೇ ಒಂದು ದಿನ ದೇಶದ ನೀತಿ ನಿರ್ಧಾರ ಆಗುವ ಕೋಣೆಯಲ್ಲೂ ಕೂತರು.

ಆದರೆ ನನಗೆ ತುಂಬಾ ಇಷ್ಟವಾದದ್ದು ಯೂನೈಟ್ ಅನ್ನುವ ಯುರೋಪಿನ ಸಂಶೋಧನಾ ಬಳಗ ನಡೆಸಿದ 2001ರ ಸ್ಪರ್ಧೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪೂರ್ವ ಸ್ಲೊವಾಕಿಯಾದ ವಿದ್ಯುತ್ ಕಂಪನಿಯ ಡೇಟಾ ಅದು. 1997 ಮತ್ತು 1998ರ ಅರ್ಧರ್ಧ ಗಂಟೆಯ ಲೋಡ್, ಅಂದರೆ ಜಾಲದ ಮೇಲೆ ಬಿದ್ದ ಬೇಡಿಕೆ, ಕೊಟ್ಟರು. ದಿನದ ಸರಾಸರಿ ಉಷ್ಣಾಂಶ ಕೊಟ್ಟರು. ರಜಾದಿನಗಳ ಪಟ್ಟಿ ಕೊಟ್ಟರು. ಕೇಳಿದ್ದು ಬರೀ 31 ಅಂಕಿ. 1999ರ ಜನವರಿಯಲ್ಲಿ ದಿನಕ್ಕೊಂದರಂತೆ ಅತಿ ಹೆಚ್ಚಿನ ಲೋಡ್ ಎಷ್ಟು? ಚಳಿ ಹೆಚ್ಚಿದರೆ ಹೀಟರ್ ಹೆಚ್ಚು ಉರಿಯುತ್ತದೆ, ಲೋಡ್ ಏರುತ್ತದೆ. ಉಷ್ಣಾಂಶವನ್ನು ಮಾಡೆಲ್‌ಗೆ ಕೊಡಬೇಕು ಅಂತ ಯಾರಾದರೂ ಹೇಳುತ್ತಾರೆ, ಅಲ್ವಾ? ಗೆದ್ದದ್ದು ತೈವಾನಿನ ವಿಶ್ವವಿದ್ಯಾಲಯದ ಚಿಹ್-ಜೆನ್ ಲಿನ್ ಅವರ ತಂಡ. ಅವರು ಉಷ್ಣಾಂಶವನ್ನು ಕೈಬಿಟ್ಟರು.

ಯಾಕೆ? ಜನವರಿಯ ಉಷ್ಣಾಂಶ ಅವರ ಕೈಯಲ್ಲಿ ಇರಲಿಲ್ಲ. ಅದನ್ನೂ ಅವರೇ ಅಂದಾಜು ಮಾಡಬೇಕಿತ್ತು. ತಿಂಗಳಿಡೀ ದಿನದಿನದ ಚಳಿಯನ್ನು ಮುಂಚೆಯೇ ಹೇಳುವುದು ಕಷ್ಟ. ಆ ತಪ್ಪೆಲ್ಲ ಲೋಡ್ ಅಂದಾಜಿನೊಳಗೆ ಬಂದು ಸೇರುತ್ತದೆ. ಹಾಗಾಗಿ ವಾರದ ಯಾವ ದಿನ, ರಜೆ ಇದೆಯೋ ಇಲ್ಲವೋ, ಹಿಂದಿನ ಏಳು ದಿನದ ಗರಿಷ್ಠ ಲೋಡ್ ಎಷ್ಟು, ಇಷ್ಟನ್ನೇ ಇಟ್ಟುಕೊಂಡರು. ಬೇಸಿಗೆಯ ಡೇಟಾವನ್ನೂ ಬದಿಗಿಟ್ಟು ಚಳಿಗಾಲದ್ದನ್ನು ಮಾತ್ರ ತೆಗೆದುಕೊಂಡರು. ಬಳಸಿದ್ದು ಸಪೋರ್ಟ್ ವೆಕ್ಟರ್ ಮೆಷಿನ್ ಅನ್ನುವ, ಡೇಟಾದಿಂದ ಕಲಿಯುವ ಇನ್ನೊಂದು ವಿಧಾನ. ಸರಾಸರಿ ತಪ್ಪು ಶೇಕಡಾ 2ರ ಆಸುಪಾಸು.

ಇದರಲ್ಲಿ ನಾನು ಮೆಚ್ಚುವುದು ಅವರ ಮಾಡೆಲ್‌ಗಿಂತ ಹೆಚ್ಚಾಗಿ ಅವರು ಕೇಳಿಕೊಂಡ ಪ್ರಶ್ನೆಯನ್ನು. ಈ ಅಂಕಿ ಹೇಳಬೇಕಾದ ದಿನ ನನ್ನ ಕೈಯಲ್ಲಿ ನಿಜಕ್ಕೂ ಏನೇನು ಇರುತ್ತದೆ? ಇವತ್ತಿಗೂ ಸಮ್ಮೇಳನಗಳಿಗೆ ಬರುವ ಎಷ್ಟೋ ಪ್ರಬಂಧಗಳು ಇಲ್ಲೇ ಎಡವುತ್ತವೆ. ನಾಳೆಯ ಲೋಡ್ ಹೇಳುತ್ತೇವೆ ಅನ್ನುತ್ತಾರೆ. ತೆರೆದು ನೋಡಿದರೆ ನಾಳೆ ನಿಜವಾಗಿ ಎಷ್ಟು ಸೆಖೆ ಇತ್ತು ಅನ್ನುವ ಅಳತೆಯನ್ನೇ ಮಾಡೆಲ್‌ಗೆ ಕೊಟ್ಟಿರುತ್ತಾರೆ. ಹಿಂದಿನ ದಿನ ಸಿಗುವುದು ಹವಾಮಾನ ಇಲಾಖೆಯ ಮುನ್ಸೂಚನೆ ಮಾತ್ರ, ಅದರಲ್ಲೂ ತಪ್ಪು ಇರುತ್ತದೆ. ಇನ್ನು ಕೆಲವರು ಗಂಟೆಗಂಟೆಯ ಡೇಟಾವನ್ನು ಕಲಸಿ, ಕಣ್ಣುಮುಚ್ಚಿ ಒಂದು ಭಾಗವನ್ನು ಪರೀಕ್ಷೆಗೆ ಅಂತ ಎತ್ತಿಡುತ್ತಾರೆ. ಆಗ ಮೂರು ಗಂಟೆಯ ಲೋಡ್ ಪರೀಕ್ಷೆಯಲ್ಲಿ, ಎರಡು ಮತ್ತು ನಾಲ್ಕು ಗಂಟೆಯದ್ದು ಟ್ರೈನಿಂಗ್‌ನಲ್ಲಿ. ನಡುವಿನ ಅಂಕಿ ಹೇಳುವುದು ಯಾವ ಮಾಡೆಲ್‌ಗೂ ಕಷ್ಟ ಅಲ್ಲ. ಡೇಟಾವನ್ನು ಕಾಲದ ಕ್ರಮದಲ್ಲೇ ಕತ್ತರಿಸಿ. ಹಳೆಯದರಲ್ಲಿ ಕಲಿಸಿ, ಹೊಸದರಲ್ಲಿ ಪರೀಕ್ಷಿಸಿ. ಇದನ್ನು ಮಾಡದ ಪ್ರಬಂಧವನ್ನು ನಾನು ಮುಂದೆ ಓದುವುದಿಲ್ಲ.

2012ರಲ್ಲಿ ಜಾಗತಿಕ ಎನರ್ಜಿ ಫೋರ್‌ಕಾಸ್ಟಿಂಗ್ ಸ್ಪರ್ಧೆ ಶುರುವಾಯಿತು. ಟಾವೊ ಹಾಂಗ್, ಪಿಯೆರ್ ಪಿನ್ಸನ್, ಶು ಫಾನ್ ಸೇರಿ ಕಟ್ಟಿದ್ದು. ಅದರ ಲೋಡ್ ವಿಭಾಗದಲ್ಲಿ 20 ವಲಯಗಳ ಲೋಡ್, 11 ಹವಾಮಾನ ಕೇಂದ್ರಗಳ ಉಷ್ಣಾಂಶ ಕೊಟ್ಟರು. ಯಾವ ಕೇಂದ್ರ ಯಾವ ವಲಯಕ್ಕೆ ಹತ್ತಿರ ಅಂತ ಮಾತ್ರ ಹೇಳಲಿಲ್ಲ. ಅದನ್ನು ನೀವೇ ಹುಡುಕಬೇಕು. 20ರಲ್ಲಿ ಒಂದು ವಲಯ ಕೈಗಾರಿಕೆಯದ್ದು. ಸೆಖೆಗೂ ಚಳಿಗೂ ಅದು ಜಗ್ಗುವುದಿಲ್ಲ. ಎಲ್ಲ ವಲಯಕ್ಕೂ ಒಂದೇ ಮಾಡೆಲ್ ಹೊಲಿದವರು ಅಲ್ಲಿ ಸಿಕ್ಕಿಬಿದ್ದರು. ಗ್ರಾಫ್ ಬರೆದು ಕಣ್ಣಾರೆ ನೋಡಿದವರಿಗೆ ಮಾತ್ರ ಅದು ತಿಳಿಯುವಂತಿತ್ತು.

ಕಣ್ಣಾರೆ ನೋಡುವುದು ಅಂದೆನಲ್ಲ, ಅದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಇದೆ. ಆಶ್ರೇ ಸಂಸ್ಥೆ 2019ರಲ್ಲಿ ಕ್ಯಾಗಲ್ ಅನ್ನುವ ಆನ್‌ಲೈನ್ ಸ್ಪರ್ಧಾ ತಾಣದಲ್ಲಿ ಮತ್ತೊಂದು ಸ್ಪರ್ಧೆ ನಡೆಸಿತು. 1,448 ಕಟ್ಟಡಗಳು, 2,380 ಮೀಟರ್‌ಗಳು, ಟ್ರೈನಿಂಗ್‌ಗೇ ಸುಮಾರು 2 ಕೋಟಿ ರೀಡಿಂಗ್. ಸಾವಿರಾರು ತಂಡಗಳು. ಅಲ್ಲಿ ಮೇಲೆ ಬಂದವರು ಮೊದಲು ಮಾಡಿದ್ದು ಡೇಟಾ ತೊಳೆಯುವ ಕೆಲಸ. ಒಂದು ಜಾಗದ ಮೀಟರ್‌ಗಳು ವರ್ಷದ ಆರಂಭದಿಂದ ಮೇ 20ರ ತನಕ ಸುಮ್ನೆ ಸೊನ್ನೆ ತೋರಿಸುತ್ತಿದ್ದವು. ಆ ಕಟ್ಟಡಗಳಲ್ಲಿ ಸುಮಾರು ನಾಲ್ಕೂವರೆ ತಿಂಗಳು ಕರೆಂಟೇ ಬಳಸಲಿಲ್ಲ ಅಂತ ಮಾಡೆಲ್ ಕಲಿತರೆ ಅದು ಮಾಡೆಲ್‌ನ ತಪ್ಪಲ್ಲ. ಅದೇ ಜಾಗದ ವಿದ್ಯುತ್ ರೀಡಿಂಗ್‌ಗಳ ಅಳತೆಯೇ ಬೇರೆ. ಉಳಿದವರದ್ದು ಕಿಲೋವ್ಯಾಟ್ ಅವರ್‌ನಲ್ಲಿ, ಇವರದ್ದು ಶಾಖ ಅಳೆಯುವ ಬಿಟಿಯು ಅನ್ನುವ ಮಾನದಲ್ಲಿ, ಸಾವಿರ ಬಿಟಿಯು ಲೆಕ್ಕದಲ್ಲಿ. ಒಂದು ಕಿಲೋವ್ಯಾಟ್ ಅವರ್ ಅಂದರೆ ಸುಮಾರು 3,412 ಬಿಟಿಯು. ಹಾಗಾಗಿ ಅಲ್ಲಿನ ಅಂಕಿಗಳೆಲ್ಲ ಮೂರು ಪಟ್ಟಿಗಿಂತ ಜಾಸ್ತಿ ಕಾಣುತ್ತಿದ್ದವು. ಇನ್ನೊಂದು ಕಟ್ಟಡದ ಹಬೆಯ ಮೀಟರ್ ಎಷ್ಟು ದೊಡ್ಡ ಅಂಕಿ ತೋರಿಸುತ್ತಿತ್ತೆಂದರೆ, ಅದೊಂದೇ ಸೇರಿ ಉಳಿದ ಕಟ್ಟಡಗಳ ಸರಾಸರಿಯನ್ನೇ ಕೆಡಿಸುತ್ತಿತ್ತು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಸಮಯದ ಗೊಂದಲ. ಮೀಟರ್‌ಗಳು ಆಯಾ ಊರಿನ ಗಡಿಯಾರದ ಪ್ರಕಾರ ಇದ್ದವು. ಹವಾಮಾನದ ಫೈಲ್ ಮಾತ್ರ ಅಂತರರಾಷ್ಟ್ರೀಯ ಸಮಯ ಯುಟಿಸಿಯಲ್ಲಿತ್ತು. ಎಲ್ಲೂ ಇದನ್ನು ಬರೆದಿರಲಿಲ್ಲ. ಸ್ಪರ್ಧಿಗಳು ಪ್ರತಿ ಜಾಗದ ಉಷ್ಣಾಂಶದ ಸರಾಸರಿಯನ್ನು ಗಂಟೆವಾರು ಬರೆದು ನೋಡಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಏರಬೇಕಾದ ಬಿಸಿ ಕೆಲವು ಜಾಗಗಳಲ್ಲಿ ರಾತ್ರಿ ಏರುತ್ತಿತ್ತು. ರಾತ್ರಿ ಬಿಸಿಲು ಎಲ್ಲಿಂದ ಬರಬೇಕು? ಆಗ ಹೊಳೆಯಿತು. ಫೈಲನ್ನು ಕೆಲವು ಗಂಟೆ ಸರಿಸಿದ ಕೂಡಲೇ ಉಷ್ಣಾಂಶಕ್ಕೂ ಏಸಿ ಬಳಕೆಗೂ ತಾಳೆ ಬಿತ್ತು. ಇದಕ್ಕೆ ಬೇಕಾದದ್ದು ಒಂದು ಗ್ರಾಫ್, ಜೊತೆಗೆ ಇದು ಹೀಗಿರಲು ಸಾಧ್ಯವೇ ಅಂತ ಕೇಳುವ ಅಭ್ಯಾಸ. ಅದೇ ಸ್ಪರ್ಧೆಯಲ್ಲಿ ಇನ್ನೊಂದು ತೊಡಕೂ ಆಯಿತು. ಕೆಲವು ಕಟ್ಟಡಗಳ ನಿಜವಾದ ರೀಡಿಂಗ್‌ಗಳು ಮೊದಲೇ ಬೇರೆಡೆ ಸಾರ್ವಜನಿಕವಾಗಿ ಸಿಗುತ್ತಿದ್ದವು, ಅಂದರೆ ಉತ್ತರ ಪತ್ರಿಕೆ ಹೊರಗಿತ್ತು. ಸ್ಪರ್ಧೆ ಏರ್ಪಡಿಸುವವರು ಇದರಿಂದ ಕಲಿಯಬೇಕಾದದ್ದು ಬಹಳ ಇದೆ.

ಈಗ ಅಂಕದ ವಿಷಯಕ್ಕೆ ಬರುತ್ತೇನೆ. ಸ್ಪರ್ಧೆಯಲ್ಲಿ ತಪ್ಪನ್ನು ಹೇಗೆ ಅಳೆಯುತ್ತಾರೆ ಅನ್ನುವುದೇ ವಿದ್ಯಾರ್ಥಿಗಳಿಗೆ ನಿಜವಾದ ಪಾಠ ಹೇಳುತ್ತದೆ. ಏನನ್ನು ಅಳೆಯುತ್ತೀರೋ ಅದನ್ನೇ ಅವರು ಕಲಿಯುತ್ತಾರೆ. ಶೇಕಡಾವಾರು ತಪ್ಪು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಆದರೆ ಸೋಲಾರ್‌ಗೆ ಅದನ್ನು ಹಾಕಿದರೆ ರಾತ್ರಿ ಉತ್ಪಾದನೆ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಅದನ್ನು ಬಿಡಿ. ದೊಡ್ಡ ಕೊರತೆ ಬೇರೆ ಇದೆ. ಕಡಿಮೆ ಹೇಳಿ ತಪ್ಪುವುದು, ಜಾಸ್ತಿ ಹೇಳಿ ತಪ್ಪುವುದು ಎರಡೂ ಒಂದೇ ಅಂತ ಅದು ಎಣಿಸುತ್ತದೆ. ಕಂಟ್ರೋಲ್ ರೂಮಿನಲ್ಲಿ ಹಾಗಲ್ಲ. ಜಾಸ್ತಿ ಅಂದಾಜಿಸಿದರೆ ಒಂದು ಘಟಕ ಸುಮ್ನೆ ಉರಿಯುತ್ತದೆ, ದುಡ್ಡು ಹೋಗುತ್ತದೆ. ಕಡಿಮೆ ಅಂದಾಜಿಸಿದರೆ ಜನರ ಮನೆಯ ಕರೆಂಟು ತೆಗೆಯಬೇಕಾಗಬಹುದು.

2014ರ ಜಾಗತಿಕ ಎನರ್ಜಿ ಫೋರ್‌ಕಾಸ್ಟಿಂಗ್ ಸ್ಪರ್ಧೆ ಇದನ್ನು ಮನಸ್ಸಿಟ್ಟು ನೋಡಿತು. ಲೋಡ್, ಬೆಲೆ, ಗಾಳಿ, ಸೋಲಾರ್ ನಾಲ್ಕರಲ್ಲೂ ಒಂದೊಂದೇ ಅಂಕಿ ಕೇಳುವ ಬದಲು 99 ಮಟ್ಟಗಳನ್ನು ಕೇಳಿತು. ನಿಜವಾದ ಬೇಡಿಕೆ ಇದಕ್ಕಿಂತ ಕೆಳಗಿರುವ ಸಾಧ್ಯತೆ ನೂರರಲ್ಲಿ ಒಂದು, ಎರಡು, ಹೀಗೆ 99ರ ತನಕ. ಅಳೆಯಲು ಪಿನ್‌ಬಾಲ್ ಲಾಸ್ ಬಳಸಿದರು. ಹೆಸರು ಕೇಳಿ ಹೆದರಬೇಡಿ, ಕೈಯಲ್ಲೇ ಲೆಕ್ಕ ಮಾಡಬಹುದು. ನೂರಕ್ಕೆ 90ರ ಮಟ್ಟ ತೆಗೆದುಕೊಳ್ಳಿ. ನಿಜವಾದ ಬೇಡಿಕೆ 1,000 ಮೆಗಾವ್ಯಾಟ್ ಬಂತು. ನೀವು 950 ಅಂದಿದ್ದರೆ ತಪ್ಪು 50, ದಂಡ 50ನ್ನು 0.9ರಿಂದ ಗುಣಿಸಿದಷ್ಟು, ಅಂದರೆ 45. ನೀವು 1,050 ಅಂದಿದ್ದರೆ ತಪ್ಪು ಅದೇ 50, ದಂಡ ಮಾತ್ರ 50ನ್ನು 0.1ರಿಂದ ಗುಣಿಸಿದಷ್ಟು, ಬರೀ 5. ಒಂಬತ್ತು ಪಟ್ಟು ವ್ಯತ್ಯಾಸ! ನೂರಕ್ಕೆ 10ರ ಮಟ್ಟದಲ್ಲಿ ಇದು ತಿರುಗುಮುರುಗು. ಹೀಗೆ 99 ಮಟ್ಟಗಳನ್ನೂ ಪ್ರಾಮಾಣಿಕವಾಗಿ ಹೇಳಿದವರಿಗೆ ಮಾತ್ರ ಒಟ್ಟು ದಂಡ ಕಡಿಮೆ ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂದರೂ ಏಟು, ಗೊತ್ತಿದ್ದನ್ನು ಗೊತ್ತಿಲ್ಲ ಅಂತ ಅಗಲವಾಗಿ ಹೇಳಿ ತಪ್ಪಿಸಿಕೊಂಡರೂ ಏಟು. ಕಂಟ್ರೋಲ್ ರೂಮಿನವರು ಈ ಮಟ್ಟಗಳನ್ನು ನೋಡಿ ಎಷ್ಟು ಮೆಗಾವ್ಯಾಟ್ ಕಾಯ್ದಿಡಬೇಕು ಅಂತ ತೀರ್ಮಾನ ಮಾಡಬಹುದು. ಒಂಟಿ ಅಂಕಿಯಿಂದ ಅದು ಆಗುವುದಿಲ್ಲ. ಇಲ್ಲಿನ ಸ್ಪರ್ಧೆಯಲ್ಲಿ ಅಳತೆ ಯಾವುದೇ ಇರಲಿ, ನಿಮ್ಮ ವರದಿಯಲ್ಲಿ ಇಂಥ ಮಟ್ಟಗಳು ಇದ್ದರೆ ತೀರ್ಪುಗಾರರು ಖಂಡಿತ ಎರಡನೇ ಸಲ ನೋಡುತ್ತಾರೆ.

ಅಂದಾಜಿನ ಮಾತು ಇಷ್ಟು ಸಾಕು. ಜಾಲವನ್ನು ನಡೆಸುವುದನ್ನೇ ಎಐಗೆ ಕಲಿಸುವ ಸ್ಪರ್ಧೆಗಳೂ ಇವೆ. ಫ್ರಾನ್ಸಿನ ಪ್ರಸರಣ ಜಾಲ ನೋಡಿಕೊಳ್ಳುವ ಆರ್‌ಟಿಇ ಸಂಸ್ಥೆ 2019ರಿಂದ ಇಂಥದ್ದನ್ನು ನಡೆಸಿಕೊಂಡು ಬಂದಿದೆ. ಗ್ರಿಡ್2ಆಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ಕಾಲ್ಪನಿಕ ಜಾಲ ಇರುತ್ತದೆ. ಐದೈದು ನಿಮಿಷಕ್ಕೆ ಲೋಡ್ ಬದಲಾಗುತ್ತದೆ, ಲೈನ್‌ಗಳು ಕೈಕೊಡುತ್ತವೆ. ಒಂದು ಲೈನ್ ಮೇಲೆ ಹೊರೆ ಮೀರಿದಾಗ ಸಬ್‌ಸ್ಟೇಷನ್ ಒಳಗೆ ಜೋಡಣೆ ಬದಲಿಸಿ ಕರೆಂಟನ್ನು ಬೇರೆ ದಾರಿಗೆ ತಿರುಗಿಸಬೇಕು. ಹೊಸ ಲೈನ್ ಕಟ್ಟದೆ, ಘಟಕ ನಿಲ್ಲಿಸದೆ ಆಗುವ ಕೆಲಸ ಇದು, ಖರ್ಚು ಬಹಳ ಕಡಿಮೆ. ಆದರೆ ಆಯ್ಕೆಗಳು ವಿಪರೀತ. ಅಷ್ಟನ್ನೂ ಲೆಕ್ಕ ಹಾಕಿ ನೋಡುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಒಳ್ಳೆಯ ಅಂಕ ಪಡೆದ ಹಲವು ತಂಡಗಳು ಒಂದು ಉಪಾಯ ಮಾಡಿದ್ದವು. ಎಲ್ಲ ಲೈನ್‌ಗಳ ಹೊರೆ ಮಿತಿಯೊಳಗೆ ಇರುವ ತನಕ ಏನೂ ಮುಟ್ಟಬಾರದು. ಹೊರೆ ಮಿತಿಯ ಹತ್ತಿರ ಬಂದಾಗ ಮಾತ್ರ ಮಾಡೆಲ್ ಎದ್ದು, ಮೊದಲೇ ಸೋಸಿಟ್ಟ ಕೆಲವೇ ಆಯ್ಕೆಗಳಲ್ಲಿ ಹುಡುಕಬೇಕು. ಕಂಟ್ರೋಲ್ ರೂಮಿನ ಹಳಬರು ಮಾಡುವುದೂ ಹೆಚ್ಚು ಕಡಿಮೆ ಇದನ್ನೇ.

2021ರಲ್ಲಿ ಅವರು ಸ್ಪರ್ಧೆಗೆ ಒಂದು ಹೊಸ ನಿಯಮ ಸೇರಿಸಿದರು. ನನ್ನ ಪ್ರಕಾರ ಈ ಇಡೀ ಕ್ಷೇತ್ರದಲ್ಲೇ ಅತಿ ಒಳ್ಳೆಯ ನಿಯಮ ಅದು. ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ ಅನ್ನಿಸಿದಾಗ ಮಾಡೆಲ್ ಮುಂಚೆಯೇ ಮನುಷ್ಯನನ್ನು ಕರೆಯಬೇಕು, ಜಾಲದ ಯಾವ ಭಾಗದಲ್ಲಿ ತೊಂದರೆ ಅಂತಲೂ ತೋರಿಸಬೇಕು. ಸುಮ್ಮಸುಮ್ಮನೆ ಕರೆಯುವ ಹಾಗೂ ಇಲ್ಲ. ಕರೆಯಲು ಇಂತಿಷ್ಟು ಅಂತ ಮಿತಿ ಇತ್ತು, ಏಕೆಂದರೆ ಮನುಷ್ಯನ ಗಮನಕ್ಕೂ ಮಿತಿ ಇದೆ.

ಇದು ಯಾಕೆ ಇಷ್ಟು ಮುಖ್ಯ ಅಂತ 2003ರ ಆಗಸ್ಟ್ 14 ತೋರಿಸಿತ್ತು. ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋಯಿತು. ಲೈನ್‌ಗಳು ಕಾದು ಜೋತುಬಿದ್ದು ಮರಗಳಿಗೆ ತಾಗಿ ಒಂದೊಂದಾಗಿ ಕಳಚಿಕೊಳ್ಳುತ್ತಿದ್ದವು. ಅದೇ ಹೊತ್ತಿಗೆ ಒಂದು ಕಂಟ್ರೋಲ್ ರೂಮಿನಲ್ಲಿ ಎಚ್ಚರಿಕೆ ಕೊಡುವ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತುಹೋಗಿತ್ತು. ಅದು ನಿಂತಿದೆ ಅನ್ನುವುದೂ ಅಲ್ಲಿದ್ದವರಿಗೆ ಗೊತ್ತಾಗಲಿಲ್ಲ. ಅಲಾರಂ ಬರುತ್ತಿಲ್ಲ, ಅಂದಮೇಲೆ ಎಲ್ಲ ಸರಿ ಇದೆ ಅಂದುಕೊಂಡರು. ನಿಮ್ಮ ಮಾಡೆಲ್ ತಪ್ಪಿದರೆ ಅಂಥ ದೊಡ್ಡ ಅನಾಹುತ ಆಗದಿರಬಹುದು. ಆದರೆ ಅದು ಮೌನವಾಗಿ ತಪ್ಪಬಾರದು. ಸೆನ್ಸರ್ ಕೆಟ್ಟರೆ, ಹವಾಮಾನದ ಫೈಲ್ ಬರದಿದ್ದರೆ, ಹಿಂದೆಂದೂ ಕಾಣದ ಬಿಸಿಗಾಳಿ ಬಂದರೆ ನಿಮ್ಮ ಮಾಡೆಲ್ ಏನು ಮಾಡುತ್ತದೆ? ಒಂದು ಕಾಲಂ ಪೂರ್ತಿ ಅಳಿಸಿ ಅದನ್ನು ಓಡಿಸಿ ನೋಡಿ. ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೊಂದು ಅಂಕಿ ಉಗುಳಿದರೆ ಅದನ್ನು ಇನ್ನೂ ತಿದ್ದುವುದಿದೆ ಅಂತ ಅರ್ಥ.

ಎಐ ತಾನೇ ಎಷ್ಟು ಕರೆಂಟು ತಿನ್ನುತ್ತದೆ ಅಂತ ಈಗ ಎಲ್ಲ ಸಮ್ಮೇಳನಗಳಲ್ಲೂ ಕೇಳುತ್ತಾರೆ. ಕೇಳಲೇಬೇಕಾದ ಮಾತು. ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಎಐ ಸೇರಿ ಬಗೆಬಗೆಯ ಕಂಪ್ಯೂಟರ್ ಕೆಲಸ ನಡೆಯುವ ಪ್ರಪಂಚದ ಡೇಟಾ ಸೆಂಟರ್‌ಗಳೆಲ್ಲ ಸೇರಿ ಸುಮಾರು 415 ಟೆರಾವ್ಯಾಟ್ ಅವರ್ ಬಳಸಿದವು. ಒಟ್ಟು ಬಳಕೆಯಲ್ಲಿ ಶೇಕಡಾ 1.5ರಷ್ಟು. 2030ಕ್ಕೆ ಅದು ಎರಡು ಪಟ್ಟಿಗೂ ಮೀರಬಹುದು ಅಂತ ಅವರ ಅಂದಾಜು. ನಮ್ಮ ಕೆಲಸಕ್ಕೆ ಬೇಕಾಗುವ ಲೋಡ್ ಮಾಡೆಲ್‌ಗಳು ಅಲ್ಲಿ ಓಡುವ ದೊಡ್ಡ ಎಐ ಮಾಡೆಲ್‌ಗಳ ಗಾತ್ರದವಲ್ಲ, ಲ್ಯಾಪ್‌ಟಾಪ್‌ನಲ್ಲೇ ಓಡುತ್ತವೆ. ಆದರೂ ಚಿಕ್ಕ ಮಾಡೆಲ್ ಅಷ್ಟೇ ಚೆನ್ನಾಗಿ ಹೇಳುತ್ತಿದ್ದರೆ ದೊಡ್ಡದನ್ನು ತರಬೇಡಿ.

ನನ್ನ ಮಾತು ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು ಎದ್ದು ಕೇಳಿದರು: “ಸರ್, ನಮ್ಮ ತಂಡದಲ್ಲಿ ಯಾರೂ ವಿದ್ಯುತ್ ಎಂಜಿನಿಯರಿಂಗ್ ಓದಿದವರಿಲ್ಲ. ಕಂಟ್ರೋಲ್ ರೂಮನ್ನು ಕಣ್ಣಲ್ಲೂ ನೋಡಿಲ್ಲ. ಮೊದಲ ಗಂಟೆಯಲ್ಲಿ ನಾವು ಏನು ಮಾಡಬೇಕು?”

ನಾನು ಹೇಳಿದ್ದು ಇಷ್ಟು. ಮೊದಲ ಗಂಟೆ ಮಾಡೆಲ್ ಮುಟ್ಟಬೇಡಿ. ಒಂದು ವಾರದ ಲೋಡನ್ನು ಗ್ರಾಫ್ ಮಾಡಿ ಪರದೆ ಮೇಲೆ ಹಾಕಿ, ತಂಡದವರೆಲ್ಲ ಕೂತು ನೋಡಿ. ಬೆಳಗ್ಗೆ ಯಾಕೆ ಏರಿತು, ಭಾನುವಾರ ಯಾಕೆ ಇಳಿಯಿತು, ಈ ಒಂದು ದಿನ ಯಾಕೆ ಬೇರೆ ಥರ ಇದೆ ಅಂತ ಒಬ್ಬರಿಗೊಬ್ಬರು ಹೇಳಿ. ಹೇಳಲು ಬಾರದ ಜಾಗಕ್ಕೆ ಗುರುತು ಹಾಕಿ. ಅಲ್ಲಿ ಒಂದೋ ಮೀಟರ್ ಕೆಟ್ಟಿರುತ್ತದೆ, ಇಲ್ಲ ನಿಮಗೆ ಗೊತ್ತಿಲ್ಲದ ಸಂಗತಿ ಏನೋ ಇರುತ್ತದೆ. ಆಮೇಲೆ, ಹೋದ ವಾರ ಇದೇ ದಿನ ಇದೇ ಗಂಟೆಗೆ ಎಷ್ಟಿತ್ತೋ ಈ ವಾರವೂ ಅಷ್ಟೇ ಅಂತ ಹೇಳುವ ಮಾಡೆಲ್ ಬರೆಯಿರಿ. ಒಂದೇ ಸಾಲಿನ ಕೋಡ್. ಅದರ ತಪ್ಪು ಎಷ್ಟು ಅಂತ ಬೋರ್ಡಿನ ಮೇಲೆ ಬರೆದಿಡಿ. ಇನ್ನು ಮುಂದೆ ನೀವು ಏನೇ ಕಟ್ಟಿದರೂ ಮೊದಲು ಈ ಅಂಕಿಯನ್ನು ಸೋಲಿಸಬೇಕು. ಸೋಲಿಸಿದ ಮೇಲೆ ಯಾವ ಗಂಟೆಗಳಲ್ಲಿ ಸೋಲಿಸಿತು, ಯಾವ ಗಂಟೆಗಳಲ್ಲಿ ಇನ್ನೂ ಹಿಂದೆ ಇದೆ ಅಂತ ಬೇರೆ ಬೇರೆ ಮಾಡಿ ನೋಡಿ. ಸಂಜೆಯ ಏರಿನಲ್ಲಿ ಹಿಂದೆ ಇದ್ದರೆ ಉಳಿದ ಸಮಯವನ್ನೆಲ್ಲ ಅಲ್ಲಿಗೇ ಕೊಡಿ.

ಅವರು ಮತ್ತೆ ಕೇಳಿದರು: “ಸ್ಪರ್ಧೆ ಮುಗಿದ ಮೇಲೆ ಇದನ್ನು ಮುಂದುವರಿಸಲು ಡೇಟಾ ಎಲ್ಲಿ ಸಿಗುತ್ತದೆ?” ನಾನು ಹೇಳಿದೆ: ಆಶ್ರೇಯ 2019ರ ಸ್ಪರ್ಧೆಯ ಡೇಟಾವನ್ನೇ ಬೆಳೆಸಿ 1,636 ಕಟ್ಟಡಗಳ ಒಂದು ದೊಡ್ಡ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. 2012 ಮತ್ತು 2014ರ ಸ್ಪರ್ಧೆಗಳ ಡೇಟಾ ಕೂಡ ಸಿಗುತ್ತದೆ. ಗ್ರಿಡ್2ಆಪ್‌ಗೆ ದುಡ್ಡು ಕೊಡಬೇಕಿಲ್ಲ, ಅದರ ಚಿಕ್ಕ ಜಾಲದಲ್ಲಿ 14 ಸಬ್‌ಸ್ಟೇಷನ್ ಮಾತ್ರ ಇವೆ, ಮಾಮೂಲಿ ಲ್ಯಾಪ್‌ಟಾಪ್ ಸಾಕು. ಮೊದಲ ಸಲ ಓಡಿಸುವಾಗ ಮಾಡೆಲ್ ಹಾಕಬೇಡಿ, ನೀವೇ ಆಪರೇಟರ್ ಆಗಿ ಒಂದು ದಿನ ಜಾಲವನ್ನು ನಡೆಸಿ ನೋಡಿ.